ಪದಚರ್ಚೆ: ‘ಮೆಟನೋಯ’ಕ್ಕೆ ‘ಪಶ್ಚಾತ್ತಾಪ’ ಸಾಕೇ? (ತುರ್ತು)

ಪಿ.ಜೆ.:
ತಪಸ್ಸುಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ) ಧ್ಯಾನಪುಸ್ತಿಕೆ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮಾರ್ಕ 1:15ರಲ್ಲಿ ಯೇಸು ‘ಮೆಟನೋಯ’ಕ್ಕೆ ಕರೆಕೊಡುವ ಪುಟಕ್ಕೆ ಒಂದೇ ಪದದ ತಲೆಬರಹ ಬೇಕು, ಕೆಳಗೆ ಮೂರು ಸಾಲಿನ ಟಿಪ್ಪಣಿಗೆ ಜಾಗವಿದೆ. ಸದ್ಯ ‘ಪಶ್ಚಾತ್ತಾಪ’ ಇದೆ. ಉಳಿಸಲೇ?

ಎಂ.ಎಸ್.:
ಬೇಡ. ಮೊದಲಿಗೆ, ಅದು ‘ಮೆತಾನೊಯಾ’; ಒಡೆದರೆ ಮನಸ್ಸಿನ ಬದಲಾವಣೆ. ಗ್ರೀಕಿನ ‘ತೌ’ ಅಕ್ಷರ ದಂತ್ಯ. ಈ ಟಕಾರ ಇಂಗ್ಲಿಷಿನಿಂದ ಅಂಟಿದ್ದು.

ಪಶ್ಚಾತ್ತಾಪ ಎಂದರೆ ಆಮೇಲಿನ ಬೇಗೆ. ಅದಕ್ಕೆ ಗ್ರೀಕಿನಲ್ಲಿ ಬೇರೆಯೇ ಕ್ರಿಯಾಪದವಿದೆ, ‘ಮೆತಮೆಲೊಮೈ’. ಮತ್ತಾಯ 27:3ರಲ್ಲಿ, ಯೇಸುವನ್ನು ಹಿಡಿದುಕೊಟ್ಟ ಯೂದ ಬೆಳ್ಳಿನಾಣ್ಯ ಹಿಂದಿರುಗಿಸುವ ಕಡೆ ಇರುವುದು ಅದೇ. 2 ಕೊರಿಂಥ 7:10ರಲ್ಲಿ ಪೌಲ ಎರಡನ್ನೂ ಪಕ್ಕಪಕ್ಕದಲ್ಲೇ ಇಡುತ್ತಾನೆ: ದೇವರಿಗೊಪ್ಪುವ ದುಃಖದಿಂದ ರಕ್ಷಣೆಗೊಯ್ಯುವ ಮೆತಾನೊಯಾ, ಅದರ ಬೆನ್ನಿಗೇ ಮೆತಮೆಲೊಮೈಯಿಂದ ಬಂದ ‘ಅಮೆತಮೆಲೆತೊಸ್’ (ಆಮೇಲೆ ಮರುಗಬೇಕಿಲ್ಲದ) ಎಂಬ ವಿಶೇಷಣ. (ಅದು ಮೆತಾನೊಯಾಕ್ಕೆ ಸೇರಲಿ, ರಕ್ಷಣೆಗೆ ಸೇರಲಿ, ಇಲ್ಲಿ ಮಾತು ಕೆಡದು.) ಎರಡಕ್ಕೂ ಒಂದೇ ಪದ ಹಾಕಿದರೆ ‘ಪಶ್ಚಾತ್ತಾಪ ಪಡಬೇಕಿಲ್ಲದ ಪಶ್ಚಾತ್ತಾಪ’ ಎಂದಾಗುತ್ತದೆ. ಓದುಗ ಅಲ್ಲೇ ಎಡವುತ್ತಾನೆ, ಪೌಲ ಕಟ್ಟಿದ ವ್ಯತ್ಯಾಸ ಮಾಯ.

ಕೆ.ಎನ್.:
ಸಂಸ್ಕೃತ ಯಾಕೆ ಬೇಕು? ಮನಸ್ಸು ಎಂಬರ್ಥದ ಹಳಗನ್ನಡದ ‘ಬಗೆ’ ಗ್ರೀಕಿನ ‘ನೂಸ್’ಗೆ ಹೇಳಿಮಾಡಿಸಿದ್ದು. ‘ಬಗೆಮಾರ್ಪು’ ಎನ್ನಿ. ತಮಿಳರು ‘ಮನಂತಿರುಂಬು’ ಎಂದರು, ತೆಲುಗರು ‘ಮಾರುಮನಸ್ಸು’ ಎಂದರು. ನಮಗೇನು ಬಡತನ?

ಎಂ.ಎಸ್.:
ಮನವೂ ಮನಸ್ಸೂ ಸಂಸ್ಕೃತದವೇ. ನಿಮ್ಮ ಉದಾಹರಣೆ ನಿಮಗೇ ತಿರುಗುಬಾಣ. ಇಂದಿನವರಿಗೆ ‘ಬಗೆ’ ಎಂದರೆ ತರಹ; ‘ಬಗೆಮಾರ್ಪು’ ಅಡುಗೆ ಪುಸ್ತಕದ ತಲೆಬರಹದಂತಿದೆ.

ಕೆ.ಎನ್.:
ಸರಿ, ‘ಮನತಿರುವು’.

ಎಸ್.ವಿ.:
ಬೆಟ್ಟದಾವರೆಯ ಹಾಗೆ ಆದೇಶ ಮಾಡಿದರೆ ‘ಮನದಿರುವು’. ಜನ ಅದನ್ನು ‘ಮನದ ಇರುವು’ ಎಂದು ಬಿಡಿಸುತ್ತಾರೆ. ಮಾಡದಿದ್ದರೆ ಸಂಧಿ ಕೆಟ್ಟಿತೆಂದು ನೀವೇ ದೂರುತ್ತೀರಿ.

ಇಬ್ಬರೂ ‘ಮೆತಾ’ (ಬದಲಾವಣೆ) ಮತ್ತು ‘ನೂಸ್’ (ಮನಸ್ಸು) ತುಂಡುಗಳಿಗೇ ಜೋತುಬಿದ್ದಿದ್ದೀರಿ. ಪದವನ್ನು ಒಡೆದರೆ ಬಳಕೆಯ ಅರ್ಥ ಉದುರುವುದಿಲ್ಲ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುವಜಿಂಟಿನ ಯೋನ 3:10ರಲ್ಲಿ ಮೆತಾನೊಯಾದ ಕ್ರಿಯಾಪದಕ್ಕೆ ಕರ್ತೃ ದೇವರು. ಅದರ ಹಿಂದಿರುವ ಹೀಬ್ರೂ ಧಾತುವಿನಲ್ಲಿ ಮರುಕವೂ ಇದೆ. ಹಾಗಾಗಿ ‘ತಾಪ’ವನ್ನು ಪೂರ್ತಿ ಹೊರಗಟ್ಟುವುದೂ ತಪ್ಪು.

ಕನ್ನಡ ಬೈಬಲಿನ ರೂಢಿಯ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಕಿವಿಗೆ ಹಿತ. ಆದರೆ ಮಾರ್ಕ 1:15ರ ಕ್ರಿಯಾಪದದಲ್ಲಿ ‘ದೇವರ ಕಡೆಗೆ’ ಇಲ್ಲ. ಅಪೊಸ್ತಲರ ಕೃತ್ಯಗಳು 3:19ರಲ್ಲಿ ಅದೇ ಕ್ರಿಯಾಪದದ ‘ಮೆತನೊಎಸಾತೆ’ಯ ಜೊತೆಗೇ ‘ಎಪಿಸ್ತ್ರೆಪ್ಸಾತೆ’ (ತಿರುಗಿಕೊಳ್ಳಿರಿ) ಬರುತ್ತದೆ. ತಿರುಗುವುದು ಎರಡನೆಯದರ ಪಾಲು. ಮೊದಲನೆಯದಕ್ಕೇ ಅದನ್ನು ಖರ್ಚು ಮಾಡಿದರೆ ಅಲ್ಲಿ ಕೈ ಖಾಲಿ.

ಪಿ.ಜೆ., ತಲೆಬರಹಕ್ಕೆ ‘ಮನಪರಿವರ್ತನೆ’ ಹಾಕಿ. ಮಲಯಾಳದ ‘ಮಾನಸಾಂತರ’ ಚೆಂದವೇ, ಆದರೆ ಅವಸರದ ಕಣ್ಣಿಗೆ ‘ಮತಾಂತರ’ ಎಂದು ಕಾಣುತ್ತದೆ. ಟಿಪ್ಪಣಿಯಲ್ಲಿ ಯೂದನ ಕ್ರಿಯಾಪದ ಬೇರೆ ಎಂಬುದಿರಲಿ. ಮಾರ್ಕನಲ್ಲಿರುವುದು ವರ್ತಮಾನದ ಆಜ್ಞಾರ್ಥ, ಕೆಲಸವನ್ನು ನಡೆಯುತ್ತಿರುವಂತೆ ನೋಡುವ ರೂಪ. ಧ್ಯಾನಕ್ಕೆ ಇದು ಒದಗುತ್ತದೆ. ಅಪೊಸ್ತಲರ ಕೃತ್ಯಗಳು 2:38ರಲ್ಲಿರುವುದು ಆಓರಿಸ್ಟ್ ಎಂಬ ಗ್ರೀಕ್ ಕ್ರಿಯಾರೂಪ, ಅದು ಕೆಲಸವನ್ನು ಇಡಿಯಾಗಿ ನೋಡುತ್ತದೆ. ಅದಕ್ಕೆ ‘ಒಮ್ಮೆ ಮಾತ್ರ’ ಎಂದು ಬರೆಯಬೇಡಿ. ಪ್ರವಚನಗಳಲ್ಲಿ ಪದೇಪದೇ ಆಗುವ ತಪ್ಪು ಇದೇ. ಆಓರಿಸ್ಟ್ ಅಷ್ಟು ಹೇಳುವುದಿಲ್ಲ.

ಎಂ.ಎಸ್.:
‘ಮನಃಪರಿವರ್ತನೆ’. ವಿಸರ್ಗ ಬಿಡಬೇಡಿ.

ಎಸ್.ವಿ.:
ತಲೆಬರಹದಲ್ಲಿ ವಿಸರ್ಗ ಮುಳ್ಳು. ಬಿಡಿ.

ಪಿ.ಜೆ.:
‘ಮನಪರಿವರ್ತನೆ’, ವಿಸರ್ಗವಿಲ್ಲದೆ. ಟಿಪ್ಪಣಿಗೆ ಯೂದ ಮತ್ತು ವರ್ತಮಾನ ರೂಪ ಎರಡೂ ಹಿಡಿಸಿದವು. ವಂದನೆಗಳು.

ಕೆ.ಎನ್.:
‘ಬೈಬಲ್’ ಗ್ರೀಕಿನದು, ‘ಸುವಾರ್ತೆ’ ಸಂಸ್ಕೃತದ್ದು, ಈಗ ತಲೆಬರಹವೂ ಸಂಸ್ಕೃತದ್ದು. ಆ ಸಾಲಿನಲ್ಲಿ ಕನ್ನಡದ್ದು ಅಂತ ‘ತಿರುಗಿಕೊಳ್ಳಿರಿ’ ಒಂದಿತ್ತು. ಅದನ್ನೂ ತೆಗೆಸಿದಿರಿ.