ಅಡ್ಮಿಷನ್ ಸಿಬ್ಬಂದಿಗೆ ಇನ್ನೂ ಏನೇನು ಕಲಿಸಬೇಕು? ಅನುಭವ ಇದ್ದವರು ಹೇಳ್ರಿ

ಕೇಳಿದವರು: ವಿಜಯಪುರ, ಖಾಸಗಿ ಕಾಲೇಜಿನ ಆಡಳಿತ ವಿಭಾಗ

ನಮ್ಮ ಸಂಸ್ಥೆಯಲ್ಲಿ ಪದವಿ, ಎಂಜಿನಿಯರಿಂಗ್ ಎರಡೂ ಇವೆ. ಅಡ್ಮಿಷನ್ ಕೆಲಸಕ್ಕೆ ಆರು ಮಂದಿ. ಇಬ್ಬರು ಕೌಂಟರಿನಲ್ಲಿ ಕೂಡುತ್ತಾರೆ, ಉಳಿದವರು ಸಿಂದಗಿ, ಇಂಡಿ, ಮುದ್ದೇಬಿಹಾಳ ಕಡೆಯ ಪಿಯು ಕಾಲೇಜುಗಳಿಗೆ ಹೋಗಿ ಬರುತ್ತಾರೆ. ಕೋರ್ಸು, ಫೀ, ಹಾಸ್ಟೆಲ್ ವಿವರ ಎಲ್ಲರಿಗೂ ಬಾಯಿಪಾಠ. ಮುಂದಿನ ಪ್ರವೇಶಾತಿಗೆ ಮೊದಲು ಮೂರು ದಿನ ತರಬೇತಿಗೆ ಒಪ್ಪಿಗೆ ಸಿಕ್ಕಿದೆ. ಏನು ಕಲಿಸಿದರೆ ಉಪಯೋಗ?

ಬಾಗಲಕೋಟೆ, ಪ್ರವೇಶಾತಿ ವಿಭಾಗ

ಸರ್, ಮೊದಲ ದಿನ ಪೂರ್ತಿ ಕಾಗದಪತ್ರ ಓದುವುದಕ್ಕೇ ಇಡಿ. ಮಾತುಗಾರಿಕೆ ಆಮೇಲೆ. ಹಳ್ಳಿಯ ಹುಡುಗ ಸೀಟು ಕಳೆದುಕೊಳ್ಳುವುದು ಅಂಕ ಕಡಿಮೆ ಬಿದ್ದು ಮಾತ್ರ ಅಲ್ಲ. ಒಂದು ಪ್ರಮಾಣಪತ್ರ ತಪ್ಪು ಇದ್ದುದನ್ನು ಯಾರೂ ಸಮಯಕ್ಕೆ ಹೇಳದೆ ಹೋದರೂ ಸೀಟು ಹೋಗುತ್ತದೆ.

ಜಾತಿ ಪ್ರಮಾಣಪತ್ರದಿಂದ ಶುರು ಮಾಡಿ. ಎಸ್‌ಸಿ, ಎಸ್‌ಟಿಗೆ ನಮೂನೆ ಡಿ, ಪ್ರವರ್ಗ-1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ನಮೂನೆ ಎಫ್‌ಗೂ ಆದಾಯ ಪ್ರಮಾಣಪತ್ರಕ್ಕೂ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆಂದು ಮಾಡಿಸಿದ್ದು ಪಿಯು ಮುಗಿಯುವಷ್ಟರಲ್ಲಿ ಅವಧಿ ಮೀರಿರಬಹುದು. ಹಾಗಾಗಿ ಆರ್‌ಡಿ ಸಂಖ್ಯೆಯ (ಪ್ರಮಾಣಪತ್ರದ ಗುರುತು ಸಂಖ್ಯೆ) ಜೊತೆಗೆ ಕೊಟ್ಟ ದಿನಾಂಕವನ್ನೂ ನೋಡುವುದು ರೂಢಿಯಾಗಬೇಕು. ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಅಪ್ಪನದನ್ನು ತಂದುಕೊಡುವವರು ಬಹಳ.

ಗ್ರಾಮೀಣ ಕೋಟಾ 15%, ಕನ್ನಡ ಮಾಧ್ಯಮ 5%. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷದ ಲೆಕ್ಕ. ಎಂಟನೆಯದಕ್ಕೆ ಒಂದು ವರ್ಷ ಪಟ್ಟಣದ ಶಾಲೆಗೆ ಹೋಗಿ ತಿರುಗಿ ಹಳ್ಳಿಗೆ ಬಂದಿದ್ದರೂ ಗ್ರಾಮೀಣ ಸಿಗದು. ಮುಖ್ಯೋಪಾಧ್ಯಾಯರ ಸಹಿ ಒಂದೇ ಇದ್ದರೆ ನಡೆಯದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯ ಪತ್ರ ಬೇಕು. ಸಾಮಾನ್ಯ ವರ್ಗದವರು ಗ್ರಾಮೀಣ ಕೇಳಿದರೆ ಕೆನೆಪದರಕ್ಕೆ ಸೇರಿಲ್ಲ ಎಂಬ ತಹಶೀಲ್ದಾರರ ಪತ್ರವೂ ಬೇಕು. ಈ ಕೊನೆಯದನ್ನು ಮರೆಯುವವರೇ ಹೆಚ್ಚು.

ಇನ್ನೊಂದು ನಮ್ಮ ಕಡೆಯದೇ ತೊಂದರೆ, ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್ ಕಾರ್ಡಿನಲ್ಲಿ ಕೊನೆಗೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್. ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸುವುದನ್ನು ಕಲಿಸಿ. ಆಧಾರ್ ತಿದ್ದುಪಡಿಗೆ ದಿನ ಹಿಡಿಯುತ್ತದೆ, ಪ್ರವೇಶದ ವಾರದಲ್ಲಿ ಕಂಡರೆ ತಡವಾಯಿತು.

ತರಬೇತಿಗೆ ಇಪ್ಪತ್ತು ಕಾಲ್ಪನಿಕ ಫೈಲು ತಯಾರಿಸಿ. ಕೆಲವು ಸರಿ ಇರಲಿ, ಕೆಲವದರಲ್ಲಿ ಒಂದೊಂದು ತಪ್ಪು ಅಡಗಿಸಿ. ಒಬ್ಬೊಬ್ಬರಿಗೆ ಒಂದು ತಾಸು ಕೊಟ್ಟು, ಏನು ತಪ್ಪು, ಎಲ್ಲಿ ಸರಿಪಡಿಸಬೇಕು (ನಾಡಕಚೇರಿಯೋ, ಬಿಇಒ ಕಚೇರಿಯೋ, ಬ್ಯಾಂಕೋ) ಎಂದು ಬರೆಸಿ. ಯಾರಿಗೆ ಏನು ಬರುವುದಿಲ್ಲ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಸಿಂದಗಿ, ಪಿಯು ಉಪನ್ಯಾಸಕರು

ಹೈದರಾಬಾದ್ ಕರ್ನಾಟಕ (ಈಗಿನ ಕಲ್ಯಾಣ ಕರ್ನಾಟಕ) ಜಿಲ್ಲೆಗಳಿಗೆ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ಬಗ್ಗೆ ತಪ್ಪದೆ ಹೇಳಿಕೊಡ್ರಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಅದರಲ್ಲಿ ಇಲ್ಲ. ಪಕ್ಕದ ಅಫಜಲಪುರ, ಜೇವರ್ಗಿಯವರಿಗೆ ಅದು ಇದೆ. ಒಂದೇ ಬೆಂಚಿನಲ್ಲಿ ಎರಡೂ ಕಡೆಯ ಹುಡುಗರು ಕೂತಿರುತ್ತಾರೆ, ಬಂದ ಪ್ರತಿನಿಧಿ ‘ನಿಮಗೆಲ್ಲಾ ಹೈದರಾಬಾದ್ ಕರ್ನಾಟಕ ಕೋಟಾ ಅದ’ ಅಂತ ಹೇಳಿ ಹೋದರೆ ಅರ್ಧ ಮಂದಿಗೆ ಸುಳ್ಳು ಆಸೆ. ಕಲಬುರಗಿ ಜಿಲ್ಲೆಯಿಂದ ನಿಮ್ಮ ಕಾಲೇಜಿಗೆ ಬರುವವರಿಗೆ, ಆ ಭಾಗದ ಹೊರಗಿನ ಕಾಲೇಜುಗಳಲ್ಲಿ ಇರುವ 8% ಮೀಸಲು ಅನ್ವಯಿಸುತ್ತದೆ. ಅದಕ್ಕೆ ಉಪವಿಭಾಗಾಧಿಕಾರಿಗಳ ಅರ್ಹತಾ ಪತ್ರ ಬೇಕು.

ಬೆಳಗಾವಿ, ಕಚೇರಿ ಅಧೀಕ್ಷಕರು

ಗಡಿಭಾಗದ ವಿದ್ಯಾರ್ಥಿಗಳಿಗಾಗಿ ಅರ್ಧ ದಿನ ಬೇಕೇ ಬೇಕು. ಮಹಾರಾಷ್ಟ್ರ ಬೋರ್ಡಿನಲ್ಲಿ ಹನ್ನೆರಡನೆಯದು ಮುಗಿಸಿ ಬಂದವರಿಗೆ ಮೈಗ್ರೇಷನ್ ಪ್ರಮಾಣಪತ್ರ, ವಿಶ್ವವಿದ್ಯಾಲಯದ ಅರ್ಹತಾ ಪತ್ರ ಬೇಕಾಗುತ್ತವೆ. ಸಿಇಟಿ ಸೀಟಿಗೆ ಸಾಮಾನ್ಯವಾಗಿ ಕೇಳುವುದು ಕರ್ನಾಟಕದಲ್ಲಿ ಏಳು ವರ್ಷದ ಓದು. ಮನೆ ನಿಪ್ಪಾಣಿಯಲ್ಲೇ ಇದ್ದರೂ ಶಾಲೆ ಗಡಿಯಾಚೆ ಆಗಿದ್ದರೆ ಆ ಲೆಕ್ಕಕ್ಕೆ ಸೇರದು. ಗಡಿನಾಡ ಕನ್ನಡಿಗರ ಅವಕಾಶ ಮಹಾರಾಷ್ಟ್ರದಲ್ಲಾದರೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲೂಕುಗಳಿಗೆ ಮಾತ್ರ. ಚಂದಗಡ ಬೆಳಗಾವಿಗೆ ಎಷ್ಟು ಹತ್ತಿರವಿದ್ದರೂ ಪಟ್ಟಿಯಲ್ಲಿ ಇಲ್ಲ. ಇವರು ಪರೀಕ್ಷಾ ಪ್ರಾಧಿಕಾರದ ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಸಿಇಟಿ ಮುಗಿಸಿ ಅದನ್ನು ಬಿಟ್ಟು ಊರಿಗೆ ಹೋದರೆ ಕೋಟಾ ಕೈತಪ್ಪುತ್ತದೆ.

ಕೌಂಟರಿನಲ್ಲಿ ಮರಾಠಿ ಅಥವಾ ಉರ್ದು ತಿಳಿಯುವವರು ಒಬ್ಬರಾದರೂ ಇರಲಿ. ತಂದೆತಾಯಿ ಅರ್ಥವಾಗದೆ ತಲೆಯಾಡಿಸಿ ಸಹಿ ಹಾಕಿ ಹೋಗುವುದು ನಿಲ್ಲಬೇಕು.

ಜಮಖಂಡಿ, ಸಿಇಟಿ ಸಹಾಯ ಕೇಂದ್ರದ ಕೆಲಸ ಬಲ್ಲವರು

ಆಪ್ಷನ್ ಎಂಟ್ರಿ (ಸಿಇಟಿಯಲ್ಲಿ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ಹಾಕುವುದು) ಮತ್ತು ಸೀಟು ಹಂಚಿಕೆಯಾದ ಮೇಲಿನ ನಾಲ್ಕು ಚಾಯ್ಸ್ ಕಲಿಸಿ. ಚಾಯ್ಸ್ 1 ಅಂದರೆ ಸಿಕ್ಕಿದ್ದು ಒಪ್ಪಿಗೆ, ಫೀ ಕಟ್ಟಿ ಕಾಲೇಜಿಗೆ ಸೇರುವುದು. 2 ಅಂದರೆ ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಗೆ ನೋಡೋಣ. 3 ಅಂದರೆ ಇದು ಬೇಡ, ಮುಂದಿನ ಸುತ್ತು ಬೇಕು. 4 ಅಂದರೆ ಪೂರ್ತಿ ಹೊರಗೆ. ಸೀಟು ಹಂಚಿಕೆ ವಿದ್ಯಾರ್ಥಿ ಕೊಟ್ಟ ಆಪ್ಷನ್ ಪಟ್ಟಿಯ ಮೇಲಿಂದ ಕೆಳಕ್ಕೆ ಹೋಗುತ್ತದೆ, ಮೇಲಿನದು ಸಿಕ್ಕರೆ ಕೆಳಗಿನದನ್ನು ನೋಡುವುದೇ ಇಲ್ಲ. ಆದ್ದರಿಂದ ‘ನಮ್ಮ ಕಾಲೇಜು ಮೊದಲು ಹಾಕು, ಆಮೇಲೆ ಬದಲಿಸಬಹುದು’ ಎಂದು ಪ್ರತಿನಿಧಿ ಹೇಳುವುದು ಆ ವಿದ್ಯಾರ್ಥಿಗೆ ಮಾಡುವ ಅನ್ಯಾಯ. ಅಣಕು ಹಂಚಿಕೆ ಬಂದ ಮೇಲೆ ಕ್ರಮ ತಿದ್ದಲು ಅವಕಾಶವಿದೆ, ಅದನ್ನು ತಿಳಿಸಲಿ. ಪಾಸ್‌ವರ್ಡ್, ಒಟಿಪಿ ಯಾವ ಕಾರಣಕ್ಕೂ ಕೇಳಬಾರದು. ತರಬೇತಿಯಲ್ಲಿ ಇದನ್ನು ಲಿಖಿತ ನಿಯಮ ಮಾಡಿ.

ಕೇಳಿದವರು

ಧನ್ಯವಾದ. ಫೀ ವಾಪಸಾತಿ ನಿಯಮ ಮೊದಲೇ ಹೇಳಿದರೆ ಅಡ್ಮಿಷನ್ ಕಡಿಮೆ ಆಗುತ್ತವೆ ಎಂದು ಮ್ಯಾನೇಜ್‌ಮೆಂಟಿನವರ ಅಭಿಪ್ರಾಯ. ಏನು ಹೇಳುವುದು?

ಬಾಗಲಕೋಟೆ, ಪ್ರವೇಶಾತಿ ವಿಭಾಗ

ಹೇಳದಿದ್ದರೆ ಜಗಳ ಆಗಸ್ಟಿನಲ್ಲಿ ಕೌಂಟರಿಗೇ ಬರುತ್ತದೆ ಸರ್. ಯುಜಿಸಿಯ 2018ರ ಅಧಿಸೂಚನೆ ಸ್ಪಷ್ಟ ಇದೆ: ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಬಿಟ್ಟರೆ 100%, ಅದರಲ್ಲಿ ಫೀಯ 5% ಮೀರದಂತೆ, ಹೆಚ್ಚೆಂದರೆ 5,000 ರೂ. ಹಿಡಿದುಕೊಳ್ಳಬಹುದು. 15 ದಿನಕ್ಕಿಂತ ಕಡಿಮೆ ಉಳಿದಾಗ ಬಿಟ್ಟರೆ 90%. ಕೊನೆಯ ದಿನ ಕಳೆದು 15 ದಿನದೊಳಗೆ 80%, 30 ದಿನದೊಳಗೆ 50%, ಅದರಾಚೆ ಇಲ್ಲ. ಆ ವರ್ಷಕ್ಕೆ ಯುಜಿಸಿ ಬೇರೆ ಸುತ್ತೋಲೆ ಹೊರಡಿಸಿದ್ದರೆ ಅದರಂತೆ. ಮೂಲ ಅಂಕಪಟ್ಟಿ ಪರಿಶೀಲಿಸಿ ಅಲ್ಲೇ ತಿರುಗಿ ಕೊಡಬೇಕು, ಒತ್ತೆ ಇಟ್ಟುಕೊಳ್ಳುವಂತಿಲ್ಲ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಪ್ರತಿನಿಧಿ ಮುಟ್ಟಬಾರದು. ಕ್ಯಾಪಿಟೇಷನ್ ಫೀ (ನಿಗದಿಗಿಂತ ಹೆಚ್ಚಿನ ವಸೂಲಿ) ನಿಷೇಧಕ್ಕೆ ರಾಜ್ಯದಲ್ಲಿ 1984ರ ಕಾಯ್ದೆಯೇ ಇದೆ ಎನ್ನುವುದು ಅವರಿಗೆ ಗೊತ್ತಿರಲಿ.

ಮುಧೋಳ, ವಿದ್ಯಾರ್ಥಿವೇತನ ನೋಡಿಕೊಳ್ಳುವವರು

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಜಾಲತಾಣ) ಹಣ ಬಾರದಿರಲು ದೊಡ್ಡ ಕಾರಣ ಆಧಾರ್ ಸೀಡಿಂಗ್. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಅಂತಾರೆ, ಆದರೆ ಅದು ಬರೀ ಕೆವೈಸಿ ಆಗಿರುತ್ತದೆ. ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್ ಆದ, ಅಂದರೆ ಹಣ ಜಮೆಗೆ ಆಧಾರ್ ಜೋಡಿಸಿದ ಖಾತೆಗಷ್ಟೇ ಹಣ ಹೋಗುತ್ತದೆ. ಶಾಲೆಯಲ್ಲಿದ್ದಾಗ ತೆರೆದ, ಈಗ ನಿಷ್ಕ್ರಿಯವಾದ ಖಾತೆಗೆ ಮ್ಯಾಪ್ ಆಗಿದ್ದರೆ ಪಾವತಿ ವಿಫಲ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡುವುದನ್ನು ಪ್ರತಿಯೊಬ್ಬರಿಂದಲೂ ಒಮ್ಮೆ ಮಾಡಿಸಿ, ಎರಡು ನಿಮಿಷದ ಕೆಲಸ. ‘ಸ್ಕಾಲರ್‌ಶಿಪ್ ಬಂದೇ ಬರುತ್ತದೆ, ಈಗ ಸಾಲ ಮಾಡಿ ಕಟ್ರಿ’ ಎಂಬ ಮಾತು ಯಾರ ಬಾಯಲ್ಲೂ ಬರಬಾರದು.

ಬೆಳಗಾವಿ, ಕಚೇರಿ ಅಧೀಕ್ಷಕರು

ಬಿಟ್ಟುಹೋದ ಸಣ್ಣ ಸಂಗತಿಗಳು. ನ್ಯಾಕ್ ಮಾನ್ಯತೆ ಇಡೀ ಸಂಸ್ಥೆಗೆ, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ, ಇವನ್ನು ಕಲಸಬಾರದು. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದು, ಹಳೆಯ ಕರಪತ್ರದ ನಾಲ್ಕು ವರ್ಷದ ಆನರ್ಸ್ ಓದಿ ಹೇಳಬಾರದು. ವಿದ್ಯಾರ್ಥಿಗಳ ಆಧಾರ್, ಅಂಕಪಟ್ಟಿಯ ಫೋಟೊ ಪ್ರತಿನಿಧಿಯ ಸ್ವಂತ ಮೊಬೈಲಿನಲ್ಲಿ ಉಳಿಯಬಾರದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರು ಮಕ್ಕಳೇ, ಪಿಯು ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಆ ವಯಸ್ಸಿನವರು.

ಮೂರೂ ದಿನ ಒಟ್ಟಿಗೆ ಮುಗಿಸಬೇಡಿ. ಕಾಗದಪತ್ರದ ದಿನ ಪಿಯು ಪರೀಕ್ಷೆಗೆ ಮೊದಲೇ, ಜನವರಿಯಲ್ಲಿ ಇಡಿ, ಬಿಇಒ ಸಹಿಗೆ ಹುಡುಗರಿಗೆ ಸಮಯ ಸಿಗುತ್ತದೆ. ಕೊನೆಯ ದಿನವನ್ನು ಆ ವರ್ಷದ ಆಪ್ಷನ್ ಎಂಟ್ರಿ ಸೂಚನೆಗಳು ಬಂದ ಮೇಲೆ ಇಟ್ಟುಕೊಳ್ಳಿ. ಚಾಯ್ಸ್ 2ಕ್ಕೆ ಫೀ ಕಟ್ಟಬೇಕೋ ಎಂಬಂಥ ನಿಯಮ ವರ್ಷ ವರ್ಷ ಬದಲಾಗುತ್ತದೆ. ಹಿಂದಿನ ವರ್ಷದ ಟಿಪ್ಪಣಿ ಕೌಂಟರಿನ ಮೇಲೆ ಇರದಂತೆ ನೋಡಿಕೊಳ್ಳಿ.