ಪಂಪ್‌ಹೌಸ್‌ನಲ್ಲಿ ಮೊದಲು ಕೈಕೊಡುವುದು ಯಾವುದು?

ಪ್ರಶ್ನೆ: ನಮಸ್ಕಾರ ಸರ್. ನಾನು ಪಟ್ಟಣ ಪಂಚಾಯಿತಿಯಲ್ಲಿ ಕಿರಿಯ ಎಂಜಿನಿಯರ್. ಹೊಳೆ ದಂಡೆಯಲ್ಲಿರುವ ನಮ್ಮ ಪಂಪ್‌ಹೌಸ್ ಎಷ್ಟು ಸುರಕ್ಷಿತ ಅಂತ ವರದಿ ಕೊಡಬೇಕಿದೆ. ಪಂಪ್ ಎರಡಿವೆ, ಒಂದು ಸ್ಟ್ಯಾಂಡ್‌ಬೈ (ಇನ್ನೊಂದು ಕೆಟ್ಟರೆ ಓಡಿಸಲು). ಕಟ್ಟಡ ಗಟ್ಟಿಯಾಗಿದೆ. ಇನ್ನೇನು ನೋಡಬೇಕು?

ಉತ್ತರ (ನಿವೃತ್ತ ನೀರು ಸರಬರಾಜು ಎಂಜಿನಿಯರ್): ಕಟ್ಟಡದಿಂದ ಶುರು ಮಾಡಬೇಡಿ. ಪಂಪ್ ನಿಂತರೆ ಓವರ್‌ಹೆಡ್ ಟ್ಯಾಂಕ್ ಎಷ್ಟು ಗಂಟೆಗೆ ಬರಿದಾಗುತ್ತದೆ, ಆಸ್ಪತ್ರೆಯ ಸಂಪಿನ ನೀರು ಎಷ್ಟು ಹೊತ್ತು ಬರುತ್ತದೆ, ಅದನ್ನು ಮೊದಲು ಬರೆಯಿರಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಎರಡೂ ಪಂಪಿಗೆ ಕರೆಂಟ್ ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ, ಒಂದೇ ಪ್ಯಾನಲ್ ಬೋರ್ಡ್ (ಪಂಪಿನ ಸ್ವಿಚ್‌ಗಳಿರುವ ಪೆಟ್ಟಿಗೆ) ಮೂಲಕ ಬರುತ್ತಿದ್ದರೆ ನಿಮ್ಮಲ್ಲಿ ಸ್ಟ್ಯಾಂಡ್‌ಬೈ ಇಲ್ಲ ಅಂತಲೇ ನನ್ನ ಲೆಕ್ಕ.

2022ರ ಸೆಪ್ಟೆಂಬರ್ ಮೊದಲ ವಾರ ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯಲ್ಲಿರುವ, ಬೆಂಗಳೂರಿಗೆ ಕಾವೇರಿ ನೀರು ಕಳಿಸುವ ಪಂಪಿಂಗ್ ಸ್ಟೇಷನ್‌ಗೆ ರಾತ್ರಿ ಮಳೆಯ ನೀರು ನುಗ್ಗಿ ಯಂತ್ರಗಳು ಮುಳುಗಿದವು. ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿನ ಹಲವೆಡೆ ಕಾವೇರಿ ನೀರು ನಿಂತಿತು. ಕಾವೇರಿಯಲ್ಲಿ ನೀರಿಗೇನೂ ಬರವಿರಲಿಲ್ಲ!

ತುಂಗಭದ್ರಾ ನೆನಪಿಸಿಕೊಳ್ಳಿ. 33 ಕ್ರೆಸ್ಟ್ ಗೇಟ್‌ಗಳ (ಕಟ್ಟೆಯ ಮೇಲ್ಭಾಗದಲ್ಲಿ ನೀರು ಬಿಡುವ ಗೇಟ್‌ಗಳು) ಆ ಅಣೆಕಟ್ಟೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕಟ್ಟೆಗೆ ಏನೂ ಆಗಲಿಲ್ಲ. ಆದರೆ ಗೇಟ್ ಹೋದ ಜಾಗಕ್ಕೆ ಇಳಿಸಲು ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಅಡ್ಡತಡೆ) ಸಿದ್ಧವಿರಲಿಲ್ಲ, ಮಾಡಿಸಿ ಕೂರಿಸಲು ಒಂದು ವಾರ ಹಿಡಿಯಿತು. ರೈತರು ಕಾದಿದ್ದ ನೀರು ಅಷ್ಟರಲ್ಲಿ ಹೊಳೆಗೆ ಹೋಯಿತು. ಆ ದಿನಗಳಲ್ಲಿ ನನಗೆ ನಿದ್ದೆ ಬಂದಿರಲಿಲ್ಲ. ಹಾಗಾಗಿ ಪ್ರತಿ ಭಾಗದ ಎದುರೂ ಕೇಳಿಕೊಳ್ಳಿ: ಇದು ಹೋದರೆ ಬದಲಿ ಎಲ್ಲಿದೆ, ತಂದು ಹಾಕಲು ಎಷ್ಟು ದಿನ? ಕಳ್ಳತನ, ಬೇಲಿ, ಕ್ಲೋರಿನ್ ಸಿಲಿಂಡರ್ ಇಟ್ಟ ಜಾಗವನ್ನೂ ನೋಡಿ.

ಪ್ರಶ್ನೆ: ಪ್ಯಾನಲ್ ಒಂದೇ ಸರ್, ನೆಲಮಟ್ಟದಲ್ಲೇ ಇದೆ. ಹಳೆಯ ಪ್ರವಾಹದ ದಾಖಲೆ ಕಚೇರಿಯಲ್ಲಿ ಸಿಗುತ್ತಿಲ್ಲ.

ಉತ್ತರ: ನಿಮ್ಮ ಹಿರಿಯ ನೀರುಗಂಟಿಯನ್ನು ಕರೆದುಕೊಂಡು ಹೋಗಿ. ಹೊಳೆ ಎಲ್ಲಿವರೆಗೆ ಬಂದಿತ್ತು ಅಂತ ಅವರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ದಂಡೆಯ ಮನೆಯವರನ್ನೂ ಕೇಳಿ, ಇಬ್ಬರ ಮಾತೂ ತಾಳೆಯಾಗುತ್ತದಾ ನೋಡಿ. ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಪ್ಯಾನಲ್‌ನ ತಳದಿಂದ ಅಳೆಯಿರಿ. ಊರಿನ ಹೆಸರು, ನಕ್ಷೆ, ಬೀಗದ ವಿವರ ನಮ್ಮ ಈ ಗುಂಪಿನಲ್ಲಿ ಹಾಕಬೇಡಿ, ಅವು ಹೊರಗೆ ಹೋಗಬಾರದು. ಅಳತೆ ಮಾತ್ರ ಹಾಕಿ. ಪ್ಯಾನಲ್ ಎಷ್ಟು ಅಡಿ ಮೇಲೇರಬೇಕು, ಕೇಬಲ್ ಸಾಕಾಗುತ್ತದಾ ಅಂತ ಮಳೆಗಾಲಕ್ಕೆ ಮುಂಚೆಯೇ ಕೂತು ಲೆಕ್ಕ ಹಾಕೋಣ.