ಎರಡು ಇಪ್ಪತ್ತುಗಳು

ರಾಯರ ಮಗನಿಗೆ ಮುಂಬಯಿಯ ಪ್ರೈವೇಟ್ ಈಕ್ವಿಟಿ ಕಂಪನಿಯೊಂದರಿಂದ ಕೆಲಸದ ಕರೆ ಬಂದಿದೆ. ಅದೇ ವಾರ ಅವನ ಸೋದರಮಾವ, "ಪೀಣ್ಯದ ನನ್ನ ಕಾರ್ಖಾನೆಯನ್ನು ಇನ್ನು ನೀನೇ ನೋಡಿಕೋ" ಎಂದಿದ್ದಾರೆ. ಹುಡುಗ ಯೋಚಿಸುತ್ತಿದ್ದಾನೆ. ಅವನಿಗಿಂತ ಜೋರಾಗಿ ನಮ್ಮ ಭಾನುವಾರದ ಕಾಫಿ ಗುಂಪು ಯೋಚಿಸುತ್ತಿದೆ. ನಮ್ಮನ್ನು ಯಾರೂ ಕೇಳಿಲ್ಲ ಎನ್ನುವುದು ಬೇರೆ ಮಾತು.

"ಆ ಈಕ್ವಿಟಿಯವರು ಏನು ತಯಾರಿಸುತ್ತಾರೆ?" ಮೇಷ್ಟ್ರು ಕೇಳಿದರು.

"ಏನನ್ನೂ ಇಲ್ಲ," ಎಂದರು ಆಡಿಟರು. "ಪಿಂಚಣಿ ನಿಧಿ, ವಿಮಾ ಕಂಪನಿಗಳಿಂದ ಹಣ ಪಡೆದು ಕಂಪನಿಗಳನ್ನು ಕೊಳ್ಳುತ್ತಾರೆ. ಐದಾರು ವರ್ಷ ಇಟ್ಟುಕೊಂಡು ಮಾರುತ್ತಾರೆ. ಹೀಗೆ ಕೂಡಿಸಿದ ನಿಧಿಯ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಆ ಹಣದ ಮೇಲೆ ವರ್ಷಕ್ಕೆ ಶೇ. 2ರಷ್ಟು ಶುಲ್ಕ, ಲಾಭ ಬಂದರೆ ಅದರಲ್ಲಿ ಶೇ. 20 ಪಾಲು. ಇದು ಹಳೆಯ ವಾಡಿಕೆ."

"ನಷ್ಟ ಬಂದರೆ?"

"ಶೇ. 2 ಹೇಗೂ ಇದೆಯಲ್ಲ!"

"ಅಂದರೆ ದಲ್ಲಾಳಿ."

"ದಲ್ಲಾಳಿ ಸಾಲ ಮಾಡುವುದಿಲ್ಲ ಮೇಷ್ಟ್ರೇ. ಇವರು ಕಂಪನಿ ಕೊಳ್ಳಲು ಸಾಲ ಎತ್ತಿ, ತೀರಿಸುವ ಹೊಣೆಯನ್ನು ಆ ಕಂಪನಿಯ ತಲೆಗೇ ಕಟ್ಟುತ್ತಾರೆ. 1988ರಲ್ಲಿ ಅಮೆರಿಕದ ಕೆಕೆಆರ್ ಸಂಸ್ಥೆ ಆರ್‌ಜೆಆರ್ ನಬಿಸ್ಕೊ ಎಂಬ ಬಿಸ್ಕತ್ತು, ಸಿಗರೇಟಿನ ಕಂಪನಿಯನ್ನು ಸುಮಾರು 2,500 ಕೋಟಿ ಡಾಲರಿಗೆ ಕುದುರಿಸಿತು. ಬಹುಪಾಲು ಸಾಲವೇ."

ಮೇಷ್ಟ್ರು ತಮ್ಮ ಮನೆ ಸಾಲಕ್ಕೆ ಬ್ಯಾಂಕಿನವರು ಕೇಳಿದ ಕಾಗದಗಳನ್ನು ನೆನೆದು ಸುಮ್ಮನಾದರು.

ಇನ್ನು ಪೀಣ್ಯದ ಕಡೆ. "ನನ್ನ ಭಾವಮೈದನ ಬಾಳು ಯಾರಿಗೂ ಬೇಡ," ಎಂದರು ರಾಯರು. "ಮಗಳ ಧಾರೆಯ ಹೊತ್ತಿನಲ್ಲೂ ಫೋನು ಕಿವಿಗಿಟ್ಟು, 'ಸ್ಪಿಂಡಲ್ ಬೇರಿಂಗ್ ಬಂತೇ?' ಎಂದು ಕೇಳಿದವನು. ಪುರೋಹಿತರು ಮಂತ್ರ ನಿಲ್ಲಿಸಿ ಉತ್ತರಕ್ಕೆ ಕಾದರು."

ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ದೊಡ್ಡ ಗಿರಾಕಿಗಳ ಲೆಕ್ಕಪತ್ರ ವಿಭಾಗದಲ್ಲಿ ಮಾತ್ರ ಎಣಿಕೆ ಎಂದೂ ಶುರುವಾಗುವುದಿಲ್ಲ. ಆ ಹಣ ಬರಲಿ ಬಿಡಲಿ, ಮಾರಿದ ಮಾಲಿಗೆ ಮುಂದಿನ ತಿಂಗಳ 20ಕ್ಕೆ ಜಿಎಸ್‌ಟಿ ಕಟ್ಟಬೇಕು. ಮುಂಬಯಿಯ 20 ಲಾಭದ ಪಾಲು, ಪೀಣ್ಯದ 20 ಎದೆಬಡಿತ.

ಆದರೂ ನನ್ನ ಓಟು ಪೀಣ್ಯಕ್ಕೆ. ಒಬ್ಬ ಕಾರ್ಮಿಕನಿಗೂ ಸಂಬಳ ಕೊಟ್ಟು ಗೊತ್ತಿಲ್ಲದ ಹುಡುಗ, ಮುಂಬಯಿಯವರು ಕೊಂಡ ಕಂಪನಿಯಲ್ಲಿ ಮೂವತ್ತು ವರ್ಷ ಸಂಬಳ ಕೊಟ್ಟವರ ಎದುರು ಕೂತು ವೆಚ್ಚ ಕಡಿತದ ಪಾಠ ಹೇಳುವುದನ್ನು ನೆನೆದರೇ ನನಗೆ ಮುಜುಗರ. ಹೀಗೆಂದಾಗ ರಾಯರು ಮುಖ ಸಿಂಡರಿಸಿದರು. "ಹೆಣ್ಣು ಕೊಡುವವರಿಗೆ ಏನು ಹೇಳಲಿ? ಈಕ್ವಿಟಿ ಎಂದರೆ ಅರ್ಥವಾಗದೆಯೇ ಗೌರವ ಕೊಡುತ್ತಾರೆ. ಕಾರ್ಖಾನೆ ಎಂದರೆ ಗ್ರೀಸು ಕಾಣುತ್ತದೆ."

"ಹುಡುಗ ಏನನ್ನುತ್ತಾನೆ?"

"ಮೂರು ವರ್ಷ ಮುಂಬಯಿ, ಆಮೇಲೆ ಪೀಣ್ಯ ಎನ್ನುತ್ತಾನೆ."

"ಆ ಸಂಬಳ ನೋಡಿದ ಮೇಲೆ ಕೂಲಂಟ್ ವಾಸನೆಗೆ ಮರಳಿ ಬಂದವರನ್ನು ನಾನಂತೂ ಕಂಡಿಲ್ಲ," ಎಂದರು ಆಡಿಟರು.

ಮೇಷ್ಟ್ರಿಗೆ ಥಟ್ಟನೆ ಹೊಳೆಯಿತು. "ಮುಂಬಯಿಯವರೇ ಆ ಕಾರ್ಖಾನೆಯನ್ನು ಕೊಂಡರೆ? ಎರಡೂ ಆಯಿತಲ್ಲ!"

"ಅಷ್ಟು ಸಣ್ಣದನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ."

ಭಾವಮೈದನನ್ನು ಎಂದೂ ಹೊಗಳದ ರಾಯರು ಲೋಟವನ್ನು ಟಣ್ಣೆಂದು ಕೆಳಗಿಟ್ಟರು. "ಸಣ್ಣದೇ? ಹನ್ನೊಂದು ಲೇತ್ ಇವೆ ಸ್ವಾಮಿ!"